ವಿಜಾಪುರದ ಮರೆತ ಬಾವಡಿಗಳು

ಪರಸ್ಥಳದಿಂದ ವಿಜಾಪುರಕ್ಕೆ ಬರುವ ಯಾತ್ರಿಕನ ದಿನಚರಿಯು ಎಲ್ಲರಿಗೂ ಗೊತ್ತಿದ್ದುದೇ ಆಗಿದೆ. ಗಾಡಿಯಿಂದಿಳಿದವನೇ ಅವನು ಗೋಲಗುಮ್ಮಟಕ್ಕೆ ಹೋಗುತ್ತಾನೆ. ಉಸಿರು ಕಟ್ಟಿ ಮೆಟ್ಟಿಲುಗಳನ್ನೇರುತ್ತಾನೆ. ಮೇಲಿನ ಸುತ್ತುಮೊಗಸಾಲೆಯಲ್ಲಿ ನಿಂತು ತನ್ನ ಹೆಸರನ್ನು ತಾನೇ ಕೂಗಿ, ಅದು ಮೇಲಿಂದ ಮೇಲೆ ಮರುದನಿಗೊಡುವದನ್ನು ಕೇಳಿ ಸಂತುಷ್ಟನಾಗುತ್ತಾನೆ. ಅಲ್ಲಿಂದಿಳಿದು ಇಬ್ರಾಹಿಂ ರೋಜಾಕ್ಕೂ ಮಲಿಕ್-ಎ-ಮೈದಾನ ತೋಪಿಗೂ ಒಂದಿಷ್ಟು ಮುಖ ತೋರಿಸಿ, ಸಂಜೆಗೆ ಊರು ಬಿಡುತ್ತಾನೆ. ಮನೆಗೆ ಹೋಗಿ, ‘ವಿಜಾಪುರವನ್ನು ನೋಡಿ ಬಂದೆ’ನೆಂದು ಹೇಳುತ್ತಾನೆ.

ಅತಿಥಿಯಾದವನನ್ನು ಇದಕ್ಕಾಗಿ ದೂರುವ ಕಾರಣವಿಲ್ಲ. ಅವನಿಗೆ ವೇಳೆ ಕಡಿಮೆ; ತೋರಿಸುವವರು ತೋರಿಸಿದ್ದನ್ನು ಅವನು ನೋಡುತ್ತಾನೆ. ಆದರೆ ಈ ಊರಿನಲ್ಲಿಯೇ ಹುಟ್ಟಿ ಬೆಳೆದು, ಇಲ್ಲಿಯ ಕಚೇರಿಗಳಲ್ಲಿ ಕಾರಭಾರ ನಡೆಸಿ, ಇಲ್ಲಿಯೇ ಮನೆಮಾರು ಮಾಡಿಕೊಂಡವರ ತಿಳಿವಳಿಕೆಯೂ ಆ ಯಾತ್ರಿಕನ ತಿಳಿವಳಿಕೆಗಿಂತ ಹೆಚ್ಚಿನದಲ್ಲವೆಂಬುದು ನಾಚಿಕೆಯ ಸಂಗತಿಯಾಗಿದೆ. ಪರರನ್ನು ಆಡುವದೇತಕ್ಕೆ? ಈ ಊರಿಗೆ ಎಷ್ಟೋ ಸಲ ಬಂದು ಹೋದ ನಾವು ಕೂಡ ಮೊನ್ನೆಯ ರವಿವಾರದವರೆಗೆ ಆ ಸಾಲಿನವರೇ ಆಗಿದ್ದೆವು.

ಆ ರವಿವಾರ ಬೆಳಗಿನ ಜಾವಕ್ಕೆ ನಾವು ಹತ್ತು-ಹನ್ನೆರಡು ಜನರು ಮಕ್ಕಾ ಅಗಸಿಯ ಹತ್ತಿರ ಕೂಡಿದೆವು. ನಮ್ಮಲ್ಲಿ ವಕೀಲರಿದ್ದರು, ವ್ಯಾಪಾರಸ್ಥರಿದ್ದರು, ಇಬ್ಬರು ಕಾಲೇಜು ವಿದ್ಯಾರ್ಥಿಗಳಿದ್ದರು, ಸರಕಾರದ ಅಧಿಕಾರಿಗಳೊಬ್ಬರೂ ಇದ್ದರು. ನಮಗೆ ದಾರಿ ತೋರುವ ಹೊಣೆಯನ್ನು ಹೊತ್ತವರು ಶಾಲೆಯ ಕೆಲಸದಿಂದ ನಿವೃತ್ತರಾದ ಮಾಸ್ತರರೊಬ್ಬರು. ಯಾರ ಅಪ್ಪಣೆಯೂ ಇಲ್ಲದೆ, ಯಾವ ಪ್ರತಿಫಲವನ್ನೂ ಬೇಡದೆ, ಬಯಸಿದವರನ್ನು ಕರೆದುಕೊಂಡು ಊರಿನ ಓಣಿ ಓಣಿಗಳನ್ನು ತೋರಿಸುವ ವ್ರತವನ್ನು ಅವರು ಬಹುದಿನಗಳಿಂದ ನಡೆಸಿಕೊಂಡು ಬಂದಿರುತ್ತಾರೆ. ಹೊರಡುವ ಮೊದಲೇ ಅವರು ಒಂದು ಕರಾರು ಹಾಕಿದರು: “ಇವತ್ತ ಗುಮ್ಮಟದ ಕಡೆ ಮಾರಿ ಮಾಡೂದಿಲ್ರಿ. ಈ ಊರಿಗೆ ನೀರು ಹ್ಯಾಂಗ ಬಂತು, ಹ್ಯಾಂಗ ಹೋತು, ಅಷ್ಟ ನೋಡೂಣು.”

ಈ ಪ್ರಶ್ನೆಯು ಮೇಲಿಂದ ಸಣ್ಣದಾಗಿ ಕಂಡರೂ ನಿಜವಾಗಿ ಸಣ್ಣದಲ್ಲ. ವಿಜಾಪುರವು ನದಿಯ ದಂಡೆಯ ಮೇಲಿನ ಊರಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಎರಡೂ ಹತ್ತಾರು ಮೈಲಿ ದೂರ. ಕೆಳಗೆ ಕರಿಗಲ್ಲಿನ ನೆಲ, ಮೇಲೆ ಕೃಪಣವಾದ ಆಕಾಶ. ವರ್ಷಕ್ಕೆ ಬೀಳುವ ಮಳೆಯು ಸರಾಸರಿ ೬೦೦ ಮಿಲಿಮೀಟರಿನ ಆಸುಪಾಸಿನದು. ಅದೂ ಕೈ ಕೊಡುವ ವರ್ಷಗಳೇ ಹೆಚ್ಚು. ೧೮೭೬-೭೮ರ ಮಹಾಕ್ಷಾಮದಲ್ಲಿ ಈ ಸೀಮೆಯು ಪಟ್ಟ ಪಾಡು ಇತಿಹಾಸವನ್ನು ಬಲ್ಲವರಿಗೆಲ್ಲ ತಿಳಿದುದೇ ಇದೆ. ಇಂಥ ನೆಲದ ಮೇಲೆ ಆದಿಲಶಾಹಿ ಅರಸರು ೧೪೮೯-೯೦ರ ಸುಮಾರಿನಿಂದ ೧೬೮೬ರ ವರೆಗೆ, ಸುಮಾರು ಇನ್ನೂರು ವರ್ಷಗಳ ಕಾಲ, ದಖ್ಖನದ ಅತಿ ದೊಡ್ಡ ರಾಜಧಾನಿಗಳಲ್ಲೊಂದನ್ನು ನಡೆಯಿಸಿದರು. ಸುಮಾರು ಆರು ಮೈಲಿ ಸುತ್ತಳತೆಯ ಕೋಟೆಯೊಳಗೆ ಸೈನ್ಯ, ಪೇಟೆ, ಕುದುರೆ-ಆನೆಗಳ ಲಾಯ, ತೋಟಗಳು, ಕಾರಂಜಿಗಳು ಎಲ್ಲವೂ ಇದ್ದವು. ಇವಕ್ಕೆಲ್ಲ ನೀರನ್ನು ಎಲ್ಲಿಂದ ತಂದರು? ಗುಮ್ಮಟವನ್ನು ನೋಡಿ ಬೆರಗಾಗುವವರಲ್ಲಿ ಈ ಪ್ರಶ್ನೆಯನ್ನು ಕೇಳಿದವರು ವಿರಳ.

ಮಕ್ಕಾ ಅಗಸಿಯಿಂದ ಒಳಗೆ ಪೂರ್ವಕ್ಕೆ ಕೆಲವೇ ಹೆಜ್ಜೆಗಳ ಮೇಲೆ ತಾಜ್ ಬಾವಡಿಯಿದೆ. ಎರಡನೆಯ ಇಬ್ರಾಹಿಂ ಆದಿಲಶಹನ ರಾಣಿಯಾದ ತಾಜ್ ಸುಲ್ತಾನಳ ಹೆಸರಿನಲ್ಲಿ ೧೬೨೦ರಲ್ಲಿ ಇದನ್ನು ಕಟ್ಟಿಸಿದವನು ಮಲಿಕ್ ಸಂದಲ್. ಜಗತ್ತು ಕೊಂಡಾಡುವ ಇಬ್ರಾಹಿಂ ರೋಜಾವನ್ನು ಕಟ್ಟಿದ ಕೈಯೂ ಅವನದೇ. ಎರಡು ಎಂಟುಮೂಲೆಯ ಬುರುಜುಗಳ ನಡುವೆ ಸುಮಾರು ೩೫ ಅಡಿ ಅಗಲದ ದೊಡ್ಡ ಕಮಾನು. ಕಮಾನಿನ ಕೆಳಗಿನಿಂದ ಮೆಟ್ಟಿಲುಗಳು. ಮೆಟ್ಟಿಲುಗಳ ಕೊನೆಯಲ್ಲಿ ಒಂದೊಂದು ಮಗ್ಗುಲು ೨೨೦ ಅಡಿಗೂ ಮಿಕ್ಕಿದ ಚೌಕನೆಯ ಜಲರಾಶಿ. ಆಳವು ೫೦ ಅಡಿಯ ಸುಮಾರಿನದು. ಕಮಾನಿನ ಎರಡೂ ಕಡೆಗೆ ಹಬ್ಬಿದ ಕಟ್ಟಡಗಳು ದೂರದಿಂದ ಬಂದ ದಾರಿಕಾರರು ಇಳಿದುಕೊಳ್ಳುವ ಧರ್ಮಶಾಲೆಗಳಾಗಿದ್ದವು. ಊರ ಬಾಗಿಲೊಳಗೆ ಕಾಲಿಟ್ಟವನಿಗೆ ಮೊದಲು ನೀರು, ನೆರಳು. ಅನಂತರ ಅರಸನ ದರ್ಶನ. ಅತಿಥಿಸತ್ಕಾರದ ಈ ಕ್ರಮವನ್ನು ಯಾವ ಮಾತಿನಿಂದಲೂ ಹೇಳದೆ, ಕಲ್ಲಿನಿಂದಲೇ ಹೇಳಿದ್ದನು ಆ ಶಿಲ್ಪಿ.

ಬಾವಡಿಯೆಂದರೆ ಬರಿ ತಗ್ಗಲ್ಲವೆಂಬುದನ್ನು ಮಾಸ್ತರರು ಮೆಟ್ಟಿಲುಗಳ ಮೇಲೆ ನಿಂತು ವಿವರಿಸಿದರು. ಮಳೆಗಾಲದಲ್ಲಿ ನೀರು ಮೇಲಿನ ಮೆಟ್ಟಿಲನ್ನು ಮುಟ್ಟುತ್ತದೆ, ಬೇಸಿಗೆಯಲ್ಲಿ ಕೆಳಗಿಳಿಯುತ್ತದೆ. ನೀರು ಇಳಿದಂತೆಲ್ಲ ಮನುಷ್ಯನೂ ಇಳಿಯಬಲ್ಲನು. ಹಗ್ಗವಿಲ್ಲದವನಿಗೂ ರಾಟೆಯಿಲ್ಲದವನಿಗೂ ನೀರು ಸಿಕ್ಕುತ್ತದೆ. ಸುತ್ತಲಿನ ನೆಲವು ಕುಡಿದ ಮಳೆಯು ಬಂಡೆಯ ಸಂದುಗಳೊಳಗಿಂದ ಬಾವಡಿಗೆ ಒಸರುತ್ತದೆ. ಬಾವಡಿಯು ತುಂಬಿದ್ದರೆ ಅದರ ನೀರು ಮರಳಿ ಸುತ್ತಲಿನ ಸೇದುವ ಬಾವಿಗಳಿಗೆ ಹೋಗುತ್ತದೆ. ಒಂದು ಬಾವಡಿಯನ್ನು ತುಂಬಿದರೆ ಒಂದು ತಗ್ಗು ಮುಚ್ಚಿದಂತಲ್ಲ, ಒಂದು ಕೇರಿಯ ಒಡಲನ್ನೇ ಬತ್ತಿಸಿದಂತೆ.

ಈ ತಾಜ್ ಬಾವಡಿಯ ಈಚಿನ ಕಥೆಯನ್ನೂ ಹೇಳಬೇಕಾಗಿದೆ. ಎಷ್ಟೋ ವರ್ಷಗಳ ವರೆಗೆ ಇದು ಊರಿನ ಕೊಳೆಯನ್ನು ನುಂಗುವ ಮಡುವಾಗಿದ್ದಿತು. ಹಬ್ಬದ ವಿಗ್ರಹಗಳ ಮಣ್ಣು, ಬಣ್ಣ, ಹುಲ್ಲು, ಬಿದಿರು ಎಲ್ಲವೂ ಇದರ ತಳದಲ್ಲಿ ಪದರು ಪದರಾಗಿ ಕೂತಿದ್ದವು. ೨೦೧೭ರ ಸುಮಾರಿಗೆ ಊರಿನ ಹಳೆಯ ಬಾವಡಿಗಳ ಹೂಳೆತ್ತುವ ಕೆಲಸವು ನಡೆದಾಗ ಇದನ್ನೂ ಬರಿದು ಮಾಡಿ ತೊಳೆದರು. ಮತ್ತೆ ನೀರು ಕಂಡಿತು. ಮನಸ್ಸು ಮಾಡಿದರೆ ಆಗುವ ಕೆಲಸವಿದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲ. ಆದರೆ ಒಂದು ಸಲ ತೊಳೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂಬುದನ್ನು ಮುಂದೆ ಹತ್ತೇ ನಿಮಿಷಗಳಲ್ಲಿ ನಾವು ಕಂಡೆವು.

ದೊಡ್ಡ ಬೀದಿಯನ್ನು ಬಿಟ್ಟು ಮಾಸ್ತರರು ನಮ್ಮನ್ನು ಒಂದು ಇಕ್ಕಟ್ಟಾದ ಓಣಿಯೊಳಗೆ ಕರೆದೊಯ್ದರು. ಎರಡು ಮನೆಗಳ ಹಿತ್ತಲ ನಡುವೆ, ಬೇವಿನ ಗಿಡದ ಕೆಳಗೆ, ಒಂದು ಚಿಕ್ಕ ಬಾವಡಿ. ಊರಿನವರ ಬಾಯಲ್ಲಿ ಹೆಸರು ಉಳಿಸಿಕೊಂಡಿರುವ ಮಾಸ ಬಾವಡಿ, ನಗರ ಬಾವಡಿ, ಇಬ್ರಾಹಿಂಪುರ ಬಾವಡಿಗಳ ಭಾಗ್ಯ ಇದಕ್ಕಿಲ್ಲ. ಇದಕ್ಕೆ ಹೆಸರೇ ಇಲ್ಲ. ಮೇಲಿನ ಹತ್ತು ಮೆಟ್ಟಿಲುಗಳು ಕಾಣುತ್ತವೆ. ಅದರ ಕೆಳಗೆಲ್ಲ ಪ್ಲಾಸ್ಟಿಕ್ ಚೀಲ, ಒಡೆದ ಹಂಚು, ಮುರಿದ ಕುರ್ಚಿ. ಗೋಡೆಯ ಕಲ್ಲುಗೆಲಸವು ಮಾತ್ರ ಇಂದು ಕಟ್ಟಿದಂತೆ ನಯವಾಗಿದೆ. ನಮ್ಮ ಗದ್ದಲವನ್ನು ಕೇಳಿ ಹೊರಗೆ ಬಂದ ವಯಸ್ಸಾದ ತಾಯಿಯೊಬ್ಬಳು ಮಾಸ್ತರರ ಗುರುತು ಹಿಡಿದಳು. “ನಮ್ಮ ಅತ್ತಿಯಾರು ಇದ ನೀರು ಹೊತ್ತು ತರತಿದ್ರಂತ್ರಿ, ಮಾಸ್ತರ್ರ. ಮನಿಗೆ ನಳ ಬಂದಮ್ಯಾಲೆ ಇಲ್ಲಿಗ್ಯಾರ ಬರ್ತಾರ? ಮೊದಲ ಮಂದಿ ಬರೂದು ಬಿಟ್ರು, ಆಮ್ಯಾಲೆ ಕಸಾ ಬರಾಕ ಹತ್ತಿತು.”

ಹಲವು ವರದಿಗಳಲ್ಲಿ ಹೇಳಲಾಗದ ಸತ್ಯವನ್ನು ಆ ತಾಯಿಯು ಒಂದೇ ಉಸಿರಿನಲ್ಲಿ ಹೇಳಿದಳು. ಈ ಬಾವಡಿಯನ್ನು ಯಾವ ಶತ್ರುವೂ ಕೆಡಿಸಲಿಲ್ಲ. ಅದು ನಿರುಪಯೋಗದಿಂದ ಕೆಟ್ಟಿತು. ಇಂದು ಕೃಷ್ಣೆಯ ನೀರು ಕೊಳವೆಗಳಲ್ಲಿ ಊರೊಳಗೆ ಬರುತ್ತಿದೆ. ಅದು ಬರಲಿ, ಇನ್ನೂ ಹೆಚ್ಚಾಗಿ ಬರಲಿ. ತಾಯಂದಿರ ತಲೆಯ ಮೇಲಿನ ಕೊಡವು ಇಳಿದುದಕ್ಕೆ ಹರ್ಷಪಡದವನು ಮನುಷ್ಯನಲ್ಲ. ಆದರೆ ಹೊಸ ಅನುಕೂಲತೆಯು ಬಂದ ದಿನವೇ ಹಳೆಯ ಆಸರೆಯನ್ನು ತಿಪ್ಪೆ ಮಾಡಬೇಕೆಂಬ ಶಾಸ್ತ್ರವು ಎಲ್ಲಿಯದು?

ಅಲ್ಲಿಂದ ಉತ್ತರಕ್ಕೆ ತಿರುಗಿ ನಾವು ಉಪಲಿ ಬುರುಜನ್ನು ಹತ್ತಿದೆವು. ಹೈದರಖಾನನು ೧೫೮೪ರಲ್ಲಿ ಕಟ್ಟಿಸಿದ, ಸುಮಾರು ೮೦ ಅಡಿ ಎತ್ತರದ ಈ ಒಂಟಿ ಗೋಪುರಕ್ಕೆ ಹೊರಮೈಯನ್ನು ಸುತ್ತಿಕೊಂಡು ಏರುವ ಮೆಟ್ಟಿಲುಗಳಿವೆ. ಮೇಲೆ ಎರಡು ತೋಪುಗಳು ಮಲಗಿವೆ. ಉದ್ದನೆಯದು ೩೦ ಅಡಿಗಿಂತ ಮಿಗಿಲಾದುದು. ಬಂದವರೆಲ್ಲರೂ ತೋಪನ್ನು ನೋಡುತ್ತಾರೆ, ಅದರ ಮೇಲೆ ಕೂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಮಾಸ್ತರರು ನಮಗೆ ತೋರಿಸಿದುದು ಬೇರೆ. ಮದ್ದಿನ ಕೋಣೆಯ ಜೊತೆಗೆ ಇಷ್ಟೆತ್ತರದಲ್ಲಿಯೂ ನೀರಿನ ತೊಟ್ಟಿಗಳನ್ನು ಕಟ್ಟಿದ್ದಾರೆ. ಶತ್ರುವು ಸುತ್ತಿದಾಗ ಮದ್ದು ಮುಗಿದರೆ ಒಂದು ದಿನ ತಡೆಯಬಹುದು, ನೀರು ಮುಗಿದರೆ ತಡೆಯಲಾಗದೆಂಬುದು ಆ ಕಾಲದ ದಂಡಿನವರಿಗೆ ಗೊತ್ತಿದ್ದಿತು.

ಬುರುಜಿನ ನೆತ್ತಿಯಿಂದ ಇಡೀ ಊರು ನಕಾಶೆಯಂತೆ ಕಾಣುತ್ತದೆ. ಪಶ್ಚಿಮಕ್ಕೆ ಕೈ ಮಾಡಿ ಮಾಸ್ತರರು ತೊರವಿಯನ್ನು ತೋರಿಸಿದರು. ಕುಮಾರವಾಲ್ಮೀಕಿಯ ರಾಮಾಯಣದಿಂದ ಕನ್ನಡಿಗರೆಲ್ಲರ ಕಿವಿಯಲ್ಲಿ ನಿಂತ ಹೆಸರದು. ಎರಡನೆಯ ಇಬ್ರಾಹಿಮನು ೧೫೯೯ರಲ್ಲಿ ನವರಸಪುರವೆಂಬ ಹೊಸ ಪಟ್ಟಣವನ್ನು ಕಟ್ಟತೊಡಗಿದುದೂ ಆ ಕಡೆಗೇ. ೧೬೨೪ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಆದರೆ ತೊರವಿಯಿಂದ ಊರಿಗೆ ಬಂದ ಇನ್ನೊಂದು ವಸ್ತುವನ್ನು ನಾವು ಕೇಳಿಯೇ ಇರಲಿಲ್ಲ. ಅದು ನೀರಿನ ಸುರಂಗ. ಎತ್ತರದ ನೆಲದಲ್ಲಿ ಒಸರುವ ನೀರನ್ನು ನೆಲದ ಕೆಳಗೇ ಸಣ್ಣ ಇಳಿಜಾರಿನಲ್ಲಿ ಕೊರೆದ ಕಾಲುವೆಯಲ್ಲಿ ಹರಿಯಬಿಟ್ಟಿದ್ದಾರೆ. ನಡುನಡುವೆ ಗಾಳಿಗೂ ಹೂಳೆತ್ತುವದಕ್ಕೂ ಬಾವಿಯಂಥ ಕಂಡಿಗಳನ್ನು ಬಿಟ್ಟಿದ್ದಾರೆ. ಬಿಸಿಲು ಕುಡಿಯದಂತೆ, ಧೂಳು ಮುಟ್ಟದಂತೆ, ಎತ್ತು-ರಾಟೆಗಳ ಹಂಗಿಲ್ಲದೆ ನೀರು ತಾನಾಗಿ ಬರುವ ಉಪಾಯವಿದು. ಪರ್ಶಿಯಾ ದೇಶದಲ್ಲಿ ಹುಟ್ಟಿದ ಈ ವಿದ್ಯೆಯನ್ನು ನಮ್ಮ ಕರಿಗಲ್ಲಿನ ನೆಲಕ್ಕೆ ಒಗ್ಗಿಸಿದ ಗುದ್ದಲಿಯ ಕೈಗಳ ಹೆಸರನ್ನು ಯಾವ ತವಾರೀಖವೂ ಬರೆದಿಟ್ಟಿಲ್ಲ.

ಮತ್ತೆ ದಕ್ಷಿಣಕ್ಕೆ ಕೈ ಮಾಡಿದರು. ಆ ದಿಕ್ಕಿಗೆ ಬೇಗಮ್ ತಲಾಬ ಇದೆ. ಮುಹಮ್ಮದ ಆದಿಲಶಹನು ಜಹಾನ್ ಬೇಗಮಳ ಹೆಸರಿನಲ್ಲಿ ೧೬೫೧ರಲ್ಲಿ ಕಟ್ಟಿಸಿದ ೨೩೪ ಎಕರೆಗಳ ಕೆರೆಯದು. ಗೋಲಗುಮ್ಮಟವು ಮುಗಿದುದು ೧೬೫೬ರಲ್ಲಿ. ಎಂದರೆ ತನ್ನ ಗೋರಿಯ ಮೇಲೆ ಭೂಮಂಡಲದ ಮಹಾಗುಮ್ಮಟಗಳಲ್ಲೊಂದನ್ನು ಎಬ್ಬಿಸುತ್ತಿದ್ದ ಅರಸನೇ ಅದೇ ಕಾಲದಲ್ಲಿ ಊರಿಗೆ ಕುಡಿಯುವ ನೀರಿನ ಕೆರೆಯನ್ನೂ ಕಟ್ಟಿಸಿದನು. ಗುಮ್ಮಟವು ಅವನಿಗಾಗಿ, ಕೆರೆಯು ಜನರಿಗಾಗಿ. ಇವೆರಡರಲ್ಲಿ ನಾವು ನೆನಪಿಟ್ಟುಕೊಂಡುದು ಯಾವುದನ್ನು?

ಕೆರೆಯಿಂದ ಊರಿಗೆ ನೀರು ಬಂದ ಬಗೆಯು ಇಂದಿನ ಎಂಜಿನಿಯರರೂ ಮೆಚ್ಚತಕ್ಕದ್ದಾಗಿದೆ. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಚ್ಚುಗಲ್ಲಿನ ಕವಚವನ್ನು ಕಟ್ಟಿ, ೧೫ರಿಂದ ೫೦ ಅಡಿಗಳ ಆಳದಲ್ಲಿ ಹಾಯಿಸಿದ್ದಾರೆ. ಎತ್ತರದಿಂದ ಇಳಿದು ಬರುವ ನೀರಿಗೆ ಒತ್ತಡವು ಹೆಚ್ಚು; ಮುಚ್ಚಿದ ಮಣ್ಣಿನ ಕೊಳವೆಯು ಆ ಒತ್ತಡಕ್ಕೆ ಬೆಸುಗೆಯಲ್ಲಿ ಬಿಚ್ಚಿಕೊಳ್ಳುವದು ನಿಶ್ಚಿತ. ಅದಕ್ಕಾಗಿ ದಾರಿಯುದ್ದಕ್ಕೂ ೨೫ರಿಂದ ೪೦ ಅಡಿ ಎತ್ತರದ ಗೋಪುರಗಳನ್ನು ನಿಲ್ಲಿಸಿದರು. ಇವಕ್ಕೆ ‘ಗಂಜ್’ ಎಂದು ಹೆಸರು. ಕೊಳವೆಯ ನೀರು ಗಂಜಿನೊಳಗೆ ಮೇಲೇರಿ ತನ್ನ ರಭಸವನ್ನು ಕಳೆದುಕೊಳ್ಳುತ್ತದೆ. ಕೆಸರು ತಳದಲ್ಲಿ ನಿಲ್ಲುತ್ತದೆ. ತಿಳಿನೀರು ಮುಂದಿನ ಕೊಳವೆಗೆ ಹೋಗುತ್ತದೆ. ಒಂದೇ ಕಟ್ಟಡದಿಂದ ಎರಡು ಕೆಲಸ.

ಊರಿನಲ್ಲಿ ಅಲ್ಲಲ್ಲಿ ಒಬ್ಬಂಟಿಗನಂತೆ ನಿಂತಿರುವ ಈ ಗಂಜುಗಳನ್ನು ನಾವು ಎಷ್ಟು ಸಲ ಕಂಡಿಲ್ಲ! ಹಾಳು ಬುರುಜೆಂದು, ಕೆಟ್ಟ ಗೋಡೆಯೆಂದು, ಜಾಹಿರಾತು ಅಂಟಿಸಲು ಅನುಕೂಲವಾದ ಕಂಬವೆಂದು ತಿಳಿದು ಮುಂದೆ ಹೋಗಿದ್ದೇವೆ. ಉಪಲಿ ಬುರುಜಿನಿಂದಿಳಿದು ಅರಕಿಲ್ಲೆಯ ಕಡೆಗೆ ನಡೆಯುವಾಗ ಅಂಥದೊಂದನ್ನು ಸಮೀಪದಿಂದ ನೋಡಿದೆವು. ಅದರ ಒಡೆದ ಮಗ್ಗುಲಲ್ಲಿ ಮಣ್ಣಿನ ಕೊಳವೆಯ ಬಾಯಿಯು ಇನ್ನೂ ಕಾಣುತ್ತಿದ್ದಿತು. ವಿದ್ಯಾರ್ಥಿಗಳಲ್ಲೊಬ್ಬನು ಅದರೊಳಗೆ ಕೈಯಿಟ್ಟು ನೋಡಿ, ಮಾತಿಲ್ಲದೆ ಹಿಂದೆ ಸರಿದನು. ನಾಲ್ಕು ವರ್ಷ ಅದೇ ಹಾದಿಯಲ್ಲಿ ಕಾಲೇಜಿಗೆ ಹೋದೆನೆಂದು ಆಮೇಲೆ ನಮ್ಮೊಡನೆ ಹೇಳಿದನು.

ಅರಕಿಲ್ಲೆಯೆಂದರೆ ಊರಿನ ನಡುವಿನ ಒಳಕೋಟೆ. ಇಲ್ಲಿಯ ಕರೀಮುದ್ದೀನನ ಮಸೀದಿಯು ಆದಿಲಶಾಹಿಗಿಂತ ಮುಂಚಿನದು, ೧೩೨೦ರ ಶಾಸನವುಳ್ಳದ್ದು, ಅದರ ಕಂಬಗಳು ಇನ್ನೂ ಹಳೆಯ ದೇವಾಲಯಗಳವು. ನಮ್ಮ ಗುಂಪಿನ ವ್ಯಾಪಾರಸ್ಥರೊಬ್ಬರು ಇಲ್ಲಿ ನಿಂತು, ಬಹುಜನರ ಮನಸ್ಸಿನಲ್ಲಿರುವ ಮಾತನ್ನೇ ಕೇಳಿದರು: ಗುಡಿಗಳನ್ನು ಮುರಿದವರ, ೧೫೬೫ರಲ್ಲಿ ವಿಜಯನಗರವನ್ನು ಕೆಡವಿದವರ ಕಟ್ಟಡಗಳಿಗಾಗಿ ನಾವು ಮರುಗಬೇಕಾದುದೇತಕ್ಕೆ?

ಪ್ರಶ್ನೆಯನ್ನು ಹಾರಿಸಿ ಬಿಡುವದು ಪ್ರಾಮಾಣಿಕತನವಲ್ಲ. ವಿಜಯನಗರದ ಪತನವು ಕನ್ನಡಿಗನ ಎದೆಯಲ್ಲಿ ಇಂದಿಗೂ ಮಾಯದ ಗಾಯವಾಗಿದೆ. ಆದರೆ ಈ ಊರು ಒಬ್ಬರ ಸ್ವತ್ತಾಗಿ ಎಂದೂ ಇರಲಿಲ್ಲವೆಂಬುದನ್ನೂ ಇದೇ ಕಲ್ಲುಗಳು ಹೇಳುತ್ತವೆ. ಚಾಲುಕ್ಯರ ಕಾಲದಲ್ಲಿಯೇ ಇದು ವಿಜಯಪುರವಾಗಿದ್ದಿತು. ಅಭಿನವ ಪಂಪನೆನಿಸಿದ ನಾಗಚಂದ್ರನು ಇಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದುದು ಅವನ ಮಲ್ಲಿನಾಥ ಪುರಾಣದಿಂದ ತಿಳಿಯುತ್ತದೆ. ಇದೇ ಅರಕಿಲ್ಲೆಯಲ್ಲಿ ಅರಳಿಯ ಮರದ ಕೆಳಗೆ ನರಸಿಂಹನ ಗುಡಿಯಿದೆ. ‘ಕಿತಾಬ್-ಎ-ನವರಸ’ವನ್ನು ರಚಿಸಿ ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ ಎರಡನೆಯ ಇಬ್ರಾಹಿಮನನ್ನು ಜನರು ಜಗದ್ಗುರುವೆಂದು ಕರೆದರು. ಅರಸರು ಬಂದರು, ಹೋದರು. ಕಲ್ಲು ಒಡೆದ, ಮಣ್ಣು ಹೊತ್ತ, ಕೊಡ ತುಂಬಿದ ಜನರು ಮಾತ್ರ ಈ ನೆಲದವರೇ. ಗುಮ್ಮಟದ ವಿಷಯದಲ್ಲಿ ಯಾರಾದರೂ ವಾದ ಹೂಡಬಹುದು. ಬಾವಡಿಯ ವಿಷಯದಲ್ಲಿ ವಾದಕ್ಕೆ ಎಡೆಯೇ ಇಲ್ಲ. ನೀರು ಎಲ್ಲರ ದಾಹವನ್ನೂ ಹಿಂಗಿಸಿತು. ನಮ್ಮ ವ್ಯಾಪಾರಸ್ಥ ಮಿತ್ರರು ಪೂರ್ತಿ ಒಪ್ಪಿದರೆಂದು ನಾವು ಹೇಳಲಾರೆವು. ಆದರೆ ಮುಂದಿನ ದಾರಿಯಲ್ಲಿ ಅವರು ಎಲ್ಲರಿಗಿಂತ ಹೆಚ್ಚು ಪ್ರಶ್ನೆಗಳನ್ನು ಕೇಳುತ್ತ ಬಂದರು.

ಅರಕಿಲ್ಲೆಯಲ್ಲಿಯೇ ಸಾತ್ ಮಂಜಿಲದ ಅವಶೇಷವಿದೆ. ೧೫೮೩ರಲ್ಲಿ ಕಟ್ಟಿದ ಏಳು ಅಂತಸ್ತಿನ ಈ ಅರಮನೆಯಲ್ಲಿ ಇಂದು ಉಳಿದ ಭಾಗವನ್ನು ನೋಡಿದರೂ ಗೋಡೆಗಳೊಳಗೆ ನೀರಿನ ಕೊಳವೆಗಳೂ ಮೇಲಂತಸ್ತುಗಳಲ್ಲಿ ನೀರಿನ ತೊಟ್ಟಿಗಳೂ ಕಾಣುತ್ತವೆ. ಎದುರಿಗೆ ಜಲಮಂಜಿಲ. ಒಂದು ಕಾಲಕ್ಕೆ ಕೊಳದ ನಡುವೆ ನಿಂತಿದ್ದ ಈ ನಾಜೂಕಾದ ಮಂಟಪವು ಇಂದು ಒಣ ನೆಲದ ಮೇಲೆ, ವಾಹನಗಳ ಗದ್ದಲದ ನಡುವೆ, ದಾರಿ ತಪ್ಪಿ ಬಂದವರಂತೆ ನಿಂತಿದೆ. ಅದರ ಕೊಳವು ಎಲ್ಲಿ ಹೋಯಿತೆಂದು ಕೇಳುವವರಿಲ್ಲ.

ಈ ಅವಸ್ಥೆಯು ಒಂದೇ ದಿನಕ್ಕೆ ಬಂದುದಲ್ಲ. ೧೬೮೬ರಲ್ಲಿ ಔರಂಗಜೇಬನು ಊರನ್ನು ಗೆದ್ದ ಮೇಲೆ ರಾಜಧಾನಿಯು ಬರಿದಾಯಿತು; ೧೭೬೦ರಲ್ಲಿ ಪೇಶವೆಯರಿಗೆ, ೧೮೧೮ರ ತರುವಾಯ ಸಾತಾರೆಯ ಅರಸರಿಗೆ, ೧೮೪೮ರಲ್ಲಿ ಸಾತಾರೆಯ ಸಂಸ್ಥಾನದೊಡನೆ ಆಂಗ್ಲರಿಗೆ ಕೈ ಬದಲಾಯಿತು. ಆಂಗ್ಲರು ೧೮೮೫ರಲ್ಲಿ ಜಿಲ್ಲೆಯ ಮುಖ್ಯ ಠಾಣೆಯನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಅರಮನೆಗಳು ಕಚೇರಿಗಳಾದವು, ಬಂಗಲೆಗಳಾದವು. ಜೋಡಗುಮ್ಮಟದ ಗೋರಿಯೊಂದರಲ್ಲಿ ಎಂಜಿನಿಯರ ಸಾಹೇಬರು ಸಂಸಾರ ಹೂಡಿದರು. ಅವರಲ್ಲಿಯೇ ಹೆನ್ರಿ ಕಸಿನ್ಸರಂಥ ವಿದ್ವಾಂಸರು ಇಲ್ಲಿಯ ಒಂದೊಂದು ಕಟ್ಟಡವನ್ನೂ ಅಳೆದು ೧೯೧೬ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರೆಂಬುದನ್ನು ನ್ಯಾಯವಾಗಿ ಹೇಳಬೇಕು. ಪರಕೀಯನೊಬ್ಬನು ಅಳೆದುದನ್ನು ಸ್ವಕೀಯರಾದ ನಾವು ಓದಲಿಲ್ಲವೆಂಬುದೂ ಅಷ್ಟೇ ನಿಜ.

ಅರಕಿಲ್ಲೆಯ ಪೂರ್ವಕ್ಕೆ ಅಸಾರ್ ಮಹಲು. ೧೬೪೬ರ ಸುಮಾರಿಗೆ ನ್ಯಾಯಸಭೆಗೆಂದು ಕಟ್ಟಿದ್ದು; ಆಮೇಲೆ ಪೈಗಂಬರರ ಪವಿತ್ರ ಅವಶೇಷವನ್ನು ಇಲ್ಲಿ ಇರಿಸಿದರು. ಎದುರಿನ ದೊಡ್ಡ ಕೊಳವು ೧೫ ಅಡಿ ಆಳದ್ದು. ಬೇಗಮ್ ತಲಾಬದ ಕೊಳವೆಯ ನೀರು ಇಲ್ಲಿಗೆ ಬರುತ್ತಿದ್ದಿತು. ದಂಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ಮಾಸ್ತರರು ಇನ್ನೊಂದು ಸಂಗತಿಯನ್ನು ಹೇಳಿದರು. ಈ ಮಹಲಿನಲ್ಲಿ ಅರಬ್ಬಿ-ಫಾರಸಿ ಹಸ್ತಪ್ರತಿಗಳ ಭಂಡಾರವೊಂದಿದ್ದಿತು. ೧೮೫೩ರಲ್ಲಿ ಅದು ಲಂಡನ್ನಿನ ಇಂಡಿಯಾ ಆಫೀಸಿಗೆ ಸಾಗಿ ಹೋಯಿತು. ಇಂದು ಅಲ್ಲಿಯ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಪುಸ್ತಕಗಳನ್ನು ಪರರು ಒಯ್ದರೆಂದು ನಾವು ವ್ಯಸನಪಡುತ್ತೇವೆ, ಪಡತಕ್ಕದ್ದೇ. ಆದರೆ ಯಾರೂ ಹೊತ್ತುಕೊಂಡು ಹೋಗಲಾರದ ಬಾವಡಿಗಳನ್ನು ನಾವೇ ನಮ್ಮ ಕೈಯಾರೆ ಹೂಳುತ್ತಿರುವಾಗ ಆ ವ್ಯಸನಕ್ಕೆ ಬೆಲೆಯೆಷ್ಟು?

ಮುಂದೆ ಮೆಹತರ ಮಹಲಿನ ಕಲ್ಲಿನ ಜಾಲರಿಯನ್ನೂ ಕಟ್ಟಿಗೆಯಂತೆ ಕೆತ್ತಿದ ಕಲ್ಲಿನ ತೊಲೆಗಳನ್ನೂ ದಾರಿಯಲ್ಲಿ ನಿಂತು ನೋಡಿ, ಊರಿನ ಪೂರ್ವದ ಅಂಚಿನ ಚಾಂದ್ ಬಾವಡಿಗೆ ಬಂದೆವು. ೧೫೬೫ರ ತರುವಾಯ ಊರಿಗೆ ಜನರು ಬಂದು ತುಂಬತೊಡಗಿದಾಗ ಹೊಸ ಕೇರಿಗಳಿಗೆ ನೀರು ಸಾಲದಾಯಿತು. ಆಗ ಮೊದಲನೆಯ ಅಲಿ ಆದಿಲಶಹನು ತನ್ನ ರಾಣಿಯಾದ ಚಾಂದಬೀಬಿಯ ಹೆಸರಿನಲ್ಲಿ ೧೫೭೯ರಲ್ಲಿ ಇದನ್ನು ಕಟ್ಟಿಸಿದನು. ಸುಮಾರು ಎರಡು ಕೋಟಿ ಲೀಟರು ನೀರು ಹಿಡಿಯುವದೆಂದು ಅಂದಾಜು. ಮುಂದಿನ ಬಾವಡಿಗಳಿಗೆಲ್ಲ ಇದೇ ಮಾದರಿಯಾಯಿತು. ಊರು ಬೆಳೆಯುವದಕ್ಕೂ ನೀರು ಒದಗುವದಕ್ಕೂ ಇರುವ ಸಂಬಂಧವನ್ನು ನಾಲ್ಕುನೂರು ವರ್ಷಗಳ ಹಿಂದಿನ ಆಡಳಿತವು ಅರಿತಿದ್ದಿತು. ಇಂದು ಹೊಸ ಬಡಾವಣೆಗಳಿಗೆ ಒಪ್ಪಿಗೆ ಕೊಡುವ ಮೇಜುಗಳ ಮೇಲೆ ಆ ಅರಿವು ಇರುವದೇ?

ಇಲ್ಲಿ ನಮ್ಮ ಅಧಿಕಾರಿ ಮಿತ್ರರು ಬಾಯಿ ತೆರೆದರು. ಅವರ ಮಾತು ತೂಕದ್ದಾಗಿದ್ದಿತು. ರಸ್ತೆ, ಚರಂಡಿ, ದವಾಖಾನೆಗಳಿಗೇ ಹಣ ಸಾಲದಿರುವಾಗ ಹಳೆಯ ತಗ್ಗುಗಳಿಗೆ ಹಣವನ್ನು ಎಲ್ಲಿಂದ ತರುವದು? ಕಾನೂನೂ ಕಡಿಮೆಯಿಲ್ಲ: ೧೯೦೪ರದೊಂದು ಕಾಯಿದೆ, ೧೯೫೮ರದೊಂದು ಕಾಯಿದೆ, ೨೦೧೦ರ ತಿದ್ದುಪಡಿಯಿಂದ ರಕ್ಷಿತ ಸ್ಮಾರಕದ ೧೦೦ ಮೀಟರುಗಳೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ ೨೦೦ ಮೀಟರುಗಳಲ್ಲಿ ನಿರ್ಬಂಧ. ಇಷ್ಟಿದ್ದೂ ಜನರೇ ಕಸ ಹಾಕಿದರೆ ಸರಕಾರವು ಮಾಡುವದೇನು?

ಈ ಆಕ್ಷೇಪಕ್ಕೆ ನಮ್ಮ ಉತ್ತರವಿಷ್ಟೇ. ಕಾಯಿದೆಯು ಕಾಯುವದು ತನ್ನ ಪಟ್ಟಿಯಲ್ಲಿದ್ದುದನ್ನು ಮಾತ್ರ. ಬೇವಿನ ಗಿಡದ ಕೆಳಗಿನ ಆ ಹೆಸರಿಲ್ಲದ ಬಾವಡಿಯು ಸರಕಾರಕ್ಕೂ ಬೇಡ, ಓಣಿಗೂ ಬೇಡವಾಗಿರುವದರಿಂದ ಅದು ತಿಪ್ಪೆಯ ಪಾಲಾಗಿದೆ. ೨೦೧೪ರಲ್ಲಿ ಎರಡು ಮಾನಗಳು ಈ ಊರಿಗೆ ಒದಗಿದವು: ವಿಶ್ವಪರಂಪರೆಯ ತಾತ್ಪೂರ್ತಿಕ ಪಟ್ಟಿಯಲ್ಲಿ ದಖ್ಖನದ ಸುಲ್ತಾನರ ಸ್ಮಾರಕಗಳೊಡನೆ ಇದರ ಹೆಸರು ಸೇರಿತು, ಅದೇ ವರ್ಷ ವಿಜಯಪುರವೆಂಬ ಹಳೆಯ ಹೆಸರು ಅಧಿಕೃತವಾಗಿ ಮರಳಿ ಬಂದಿತು. ಹೆಸರು ಬಂದಿತು, ನೀರು ಬರಬೇಡವೇ? ಪರಂಪರೆಯನ್ನು ಕಾಪಾಡುವದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ೧೯೭೬ರ ತಿದ್ದುಪಡಿಯಿಂದ ನಮ್ಮ ರಾಜ್ಯಘಟನೆಯಲ್ಲಿ ಬರೆದುಕೊಂಡಿದ್ದೇವೆ. ಹಕ್ಕುಗಳ ಪ್ರಕರಣವನ್ನು ಕಂಠಪಾಠ ಮಾಡಿದ ನಾವು ಕರ್ತವ್ಯದ ಪ್ರಕರಣವನ್ನು ತೆರೆದೂ ನೋಡಿಲ್ಲ.

ದೊಡ್ಡ ಹಣ ಬೇಡದ ಕೆಲಸಗಳು ಹಲವಿವೆ. ಊರಿನ ಬಾವಡಿ, ಗಂಜು, ಕೊಳವೆಗಳ ಒಂದು ನಕಾಶೆಯು ಪಾಲಿಕೆಯ ಕಚೇರಿಯಲ್ಲಿ ಎಲ್ಲರೂ ನೋಡುವಂತೆ ತೂಗಬೇಕು. ಮನೆ ಕಟ್ಟುವ ಅಪ್ಪಣೆ ಕೊಡುವ ಮೊದಲು ಅದನ್ನು ನೋಡುವ ಪದ್ಧತಿಯು ಬರಬೇಕು. ಪ್ರತಿಯೊಂದು ಬಾವಡಿಯ ಮುಂದೆ, ಕಟ್ಟಿದವರು ಯಾರು, ನೀರು ಬರುತ್ತಿದ್ದುದು ಎಲ್ಲಿಂದ ಎಂಬುದನ್ನು ತಿಳಿಗನ್ನಡದಲ್ಲಿ ಹೇಳುವ ಒಂದು ಫಲಕವಿರಬೇಕು. ಶಾಲೆಯ ಮಕ್ಕಳನ್ನು ಗುಮ್ಮಟಕ್ಕೆ ಕರೆದೊಯ್ಯುವ ದಿನವೇ ಒಂದು ಗಂಜಿನ ಮುಂದೆಯೂ ನಿಲ್ಲಿಸಬೇಕು. ತೊಳೆದ ಬಾವಡಿಯ ನೀರು ಕುಡಿಯಲು ಬಾರದಿದ್ದರೂ ಗಿಡಕ್ಕೆ, ಬಳಕೆಗೆ ಬರಬಹುದು. ಬಳಕೆಯಿದ್ದಲ್ಲಿ ಕಾವಲು ತಾನಾಗಿ ಹುಟ್ಟುತ್ತದೆ. ಇವೆಲ್ಲಕ್ಕೂ ಮೊದಲು ಒಂದೊಂದು ಓಣಿಯೂ ತನ್ನ ಬಾವಡಿಯನ್ನು ತನ್ನದೆನ್ನಬೇಕು.

ಬಿಸಿಲೇರಿದ ಮೇಲೆ ನಾವು ಮಕ್ಕಾ ಅಗಸಿಯ ಕಡೆಗೆ ಮರಳಿದೆವು. ದಾರಿಯಲ್ಲಿ ವಿದ್ಯಾರ್ಥಿಗಳಿಬ್ಬರೂ ಮತ್ತೆ ಆ ಇಕ್ಕಟ್ಟಿನ ಓಣಿಯೊಳಗೆ ಹೊಕ್ಕು, ಆ ತಾಯಿಯನ್ನು ಹೊರಗೆ ಕರೆದು, ಗೆಳೆಯರನ್ನು ಕೂಡಿಸಿಕೊಂಡು ಬಂದು ಬಾವಡಿಯನ್ನು ತೆಗೆಯಬಹುದೇ ಎಂದು ಕೇಳಿದರು. ಆಕೆಯು ಅವರನ್ನು ಒಂದು ಗಳಿಗೆ ನೋಡಿ, “ತಗೀರಿ ತಮ್ಮಾ. ನೀವು ತಗದ್ರ ಮತ್ತ ಹಾಕದಂಗ ನೋಡ್ಕೊಳ್ಳೂದು ನನಗ ಬಿಡ್ರಿ” ಎಂದಳು. ನಮ್ಮ ಅಧಿಕಾರಿ ಮಿತ್ರರು ಹೂಳನ್ನು ಸಾಗಿಸುವ ಗಾಡಿಯ ವ್ಯವಸ್ಥೆಯನ್ನು ತಾವು ನೋಡುವೆನೆಂದರು. ವ್ಯಾಪಾರಸ್ಥರು ಬುಟ್ಟಿ-ಗುದ್ದಲಿಗಳ ಖರ್ಚನ್ನು ಒಪ್ಪಿಕೊಂಡರು.

ಮುಂದಿನ ರವಿವಾರ ಕೆಲಸಕ್ಕೆ ಕೈ ಹಚ್ಚುವದೆಂದು ಗೊತ್ತಾಗಿದೆ. ಬೆಳಿಗ್ಗೆ ಆರು ಗಂಟೆಗೆ ಮಕ್ಕಾ ಅಗಸಿಯಲ್ಲಿ ಕೂಡತಕ್ಕದ್ದು. ನಾವೂ ಹೋಗತಕ್ಕವರಿದ್ದೇವೆ. ನಮ್ಮ ವಾಚಕರಲ್ಲಿ ಯಾರಿಗಾದರೂ ಆ ಹೊತ್ತಿಗೆ ಬಿಡುವಿದ್ದರೆ, ಕೈಗಳು ಎಷ್ಟಿದ್ದರೂ ಹೆಚ್ಚಾಗುವದಿಲ್ಲ.